ಖುತ್ಬಾದಲ್ಲಿ ವೆಂಕಟಾಚಲಂ ಸಾಹೇಬರ ಹೆಸರು

ತಹಶೀಲ ಕಚೇರಿಗೆ ಜವಾನರಾಗಿ ಸೇರುವ ಹುಡುಗರು ಈಗಲೂ ನನ್ನ ಹತ್ತಿರ ಬಂದು, "ಚಾಚಾ, ಕೆಲಸ ಹ್ಯಾಂಗಿರ್ತದ್ರಿ?" ಎಂದು ಕೇಳುತ್ತಾರೆ. ನೋಡುವವರಿಗೆ ನಮ್ಮ ಕೆಲಸ ಎಂದರೆ ಕದದ ಪಕ್ಕ ಸ್ಟೂಲಿನ ಮೇಲೆ ಕೂಡುವುದು, ಒಳಗೆ ಗಂಟೆ ಬಾರಿಸಿದರೆ ಏಳುವುದು. ನಿಜವಾದ ಕೆಲಸ ಬೇರೆ. ಹಳ್ಳಿಯಿಂದ ಬಂದವರು ಸಾಹೇಬರನ್ನು ಕೇಳಲು ಅಂಜುತ್ತಾರೆ. ಗುಮಾಸ್ತರನ್ನು ಕೇಳಿದರೆ ಅವರು ತಲೆ ಎತ್ತುವುದಿಲ್ಲ. ಹಾಗಾಗಿ ಎಲ್ಲರೂ ಜವಾನನನ್ನೇ ಕೇಳುತ್ತಾರೆ. ಸೊಂಟಕ್ಕೆ ಪಟ್ಟಿ ಬಿಗಿದು, ಹಿತ್ತಾಳೆಯ ಬಿಲ್ಲೆ ಹಾಕಿಕೊಂಡ ಮೊದಲ ವಾರದಲ್ಲೇ ನನಗೆ ತಿಳಿಯಿತು, ಏನು ಕೇಳಿದರೂ ತಡವರಿಸದೆ ಜವಾಬು ಕೊಟ್ಟರೆ ಜನ ಕೈ ಮುಗಿದು ಹೋಗುತ್ತಾರೆ ಎಂದು. ಆ ಜವಾಬು ಸರಿಯೋ ತಪ್ಪೋ ಗೊತ್ತಾಗುವುದು ಮುಂದಿನ ಸಂತೆಗೆ. ಅಷ್ಟರಲ್ಲಿ ನನ್ನ ಮುಖ ಮರೆತಿರುತ್ತಾರೆ.

ಒಮ್ಮೆ ಒಬ್ಬ ಕುರಿಗಾರ ಬಂದು, ಗುಡ್ಡದ ಕೆಳಗೆ ಮೇಯಿಸಲು ಅರ್ಜಿ ಯಾವ ದಿನ ಕೊಡಬೇಕು ಎಂದು ಕೇಳಿದ. ನನಗೇನು ಗೊತ್ತು! "ಆಡಿನ ಅರ್ಜಿ ಮಂಗಳವಾರ, ಕುರಿ ಅರ್ಜಿ ಗುರುವಾರ" ಎಂದೆ. ಅವನು ಗುರುವಾರ ಬಂದ. ತನ್ನ ಊರಿನವರಿಗೂ ಹೇಳಿದ, ಅವರೂ ಗುರುವಾರವೇ ಬಂದರು. ಎಷ್ಟೋ ವರ್ಷದ ಮೇಲೆ ಬಂದ ಸಾಹೇಬರೊಬ್ಬರು, ಇಲ್ಲಿಯ ಕುರಿಗಾರರು ಗುರುವಾರವೇ ಯಾಕೆ ಬರುತ್ತಾರೆ, ಅದು ಅವರ ದೇವರ ವಾರವೇ ಎಂದು ವಿಚಾರಿಸಿದರು. "ಹೌದ್ರಿ, ಹಳೇ ಪದ್ಧತಿ" ಎಂದೆ.

ಇಷ್ಟರವರೆಗೆ ನಗಬಹುದು. ಮುಂದಿನದರಲ್ಲೂ ನಗುವ ಸಂಗತಿಗಳೇ ಹೆಚ್ಚು. ಆದರೆ ಅದರಲ್ಲಿ ಪೆಟ್ಟು ತಿಂದವನು ನನ್ನ ಅಣ್ಣ.

ನನ್ನ ಅಣ್ಣ, ನಾನು ಭಾಯಿ ಎಂದು ಕರೆಯುತ್ತಿದ್ದವನು, ಶಹಾಪುರದ ದೊಡ್ಡ ಮಸೀದಿಯ ಖತೀಬ. ಶುಕ್ರವಾರದ ನಮಾಜಿಗೆ ಮುಂಚೆ ಮಿಂಬರ್ ಪೀಠದ ಮೆಟ್ಟಿಲು ಹತ್ತಿ ಖುತ್ಬಾ, ಅಂದರೆ ಪ್ರವಚನ, ಓದುವವನು ಖತೀಬ. ಭಾಯಿ ಹೈದರಾಬಾದಿನಲ್ಲಿ ಅರಬ್ಬಿ, ಫಾರ್ಸಿ ಓದಿ ಬಂದಿದ್ದ. ನಾನು ಅವನ ಕೈಯಲ್ಲೇ ಓದಲು ಕೂತು, ಮೂರನೆಯ ಕಿತಾಬಿಗೆ ಬಂದಾಗ ಕಿಟಕಿಯಿಂದ ಹಾರಿ ಓಡಿದವನು. ನಿಜಾಮರ ಕಾಲದ ತಹಶೀಲ್ದಾರರು ಶುಕ್ರವಾರ ಮೊದಲ ಸಾಲಿನಲ್ಲಿ ಕೂಡುತ್ತಿದ್ದರು. ಭಾಯಿ ಅವರಿಗೆ ಹೇಳಿ ನನಗೆ ಈ ನೌಕರಿ ಕೊಡಿಸಿದ. ನಮ್ಮ ಮನೆಯ ಮಾತು ಉರ್ದು. ಇಲ್ಲಿ ಎಲ್ಲರ ಮಾತನ್ನೂ ನಮ್ಮ ಭಾಗದ ಕನ್ನಡದಲ್ಲೇ ಇಟ್ಟಿದ್ದೇನೆ. ಈ ಕನ್ನಡ ಅಕ್ಷರ ಕೂಡ ಕಚೇರಿ ಕನ್ನಡಕ್ಕೆ ತಿರುಗಿದ ಮೇಲೆ, ನೌಕರಿ ಉಳಿಯಲಿ ಎಂದು ಕಲಿತದ್ದು.

ಖುತ್ಬಾದ ಎರಡನೆಯ ಭಾಗದಲ್ಲಿ ಒಂದು ಜಾಗ ಬರುತ್ತದೆ. ಅಲ್ಲಿ ರಾಜ್ಯ ಆಳುವವನ ಹೆಸರು ಹೇಳಿ, ಅವನಿಗೆ ಒಳ್ಳೆಯ ಬುದ್ಧಿ ಕೊಡು, ಆಯುಸ್ಸು ಕೊಡು ಎಂದು ಬೇಡಿಕೊಳ್ಳುವುದು ನಮ್ಮಲ್ಲಿ ನಡೆದುಬಂದಿತ್ತು. ನಮ್ಮ ಅಜ್ಜ ಆಗಿನ ನಿಜಾಮರ ಹೆಸರು ಹೇಳಿದ, ಅಪ್ಪ ಹೇಳಿದ, ಭಾಯಿ ಹೇಳಿದ. ಆ ಜಾಗ ಬಂದಾಗ ಭಾಯಿಯ ದನಿ ಒಂದು ಮೆಟ್ಟಿಲು ಮೇಲೇರುತ್ತಿತ್ತು, ಮೊದಲ ಸಾಲಿನ ತಹಶೀಲ್ದಾರರು ತಾವೇ ಹೆಸರು ಕೊಟ್ಟವರಂತೆ ತಲೆಯಾಡಿಸುತ್ತಿದ್ದರು.

ಆಮೇಲೆ ದಿಲ್ಲಿಯ ಫೌಜು ಬಂತು. ಆ ದಿನಗಳಲ್ಲಿ ಸುತ್ತಲಿನ ಊರುಗಳಲ್ಲಿ ಎರಡೂ ಕಡೆಯ ಮನೆಗಳಿಗೆ ಆದ ನೋವು ಬೇರೆಯವರು ಬರೆಯಲಿ, ನನಗೆ ಆ ಶಕ್ತಿ ಇಲ್ಲ. ಕಚೇರಿಯ ಮಟ್ಟಿಗೆ ಆದದ್ದು ಇಷ್ಟು. ತಹಶೀಲ್ದಾರರು ಒಂದು ಬೆಳಿಗ್ಗೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಬಾಗಿಲು ತೆಗೆಯಬೇಡ ಎಂದು ಯಾರೂ ಹೇಳದಿದ್ದುದರಿಂದ ನಾನು ದಿನಾ ತೆಗೆದೆ. ಖಾಲಿ ಕುರ್ಚಿ ಒರೆಸಿದೆ, ಗಡಿಯಾರಕ್ಕೆ ಕೀಲಿ ಕೊಟ್ಟೆ, ಸ್ಟೂಲಿನ ಮೇಲೆ ಕೂತೆ. ಜನ ಬಂದು ಕೇಳಿದರೆ, "ಸಾಹೇಬ್ರು ಊಟಕ್ಕ ಹೋಗ್ಯಾರ" ಎಂದೆ. ಒಬ್ಬ ಮುದುಕ ಎಷ್ಟೋ ದಿನ ಬಂದು ಕಾದು ಕೊನೆಗೆ, "ಏನಪಾ, ಬೀಗರ ಮನಿ ಊಟಾನ ಇದು? ಎಲಿ ಎತ್ತೂದs ಇಲ್ಲಲ್ಲ!" ಎಂದು ಬೈದು ಹೋದ.

ಹಳೆಯ ಸರಕಾರದ ಗುರುತು ಇದೆ ಎಂದು ನನ್ನ ಬಿಲ್ಲೆ ಕಿತ್ತುಕೊಂಡರು. ಹೊಸದು ಬರಲಿಲ್ಲ. ಬರೀ ಪಟ್ಟಿ ಬಿಗಿದುಕೊಂಡು ಹಳ್ಳಿಗೆ ಹೋದರೆ, ನನ್ನನ್ನು ಹಲ್ಲಿನ ಪುಡಿ ಮಾರುವವನು ಎಂದು ತಿಳಿದು ಹೆಂಗಸರು ಸುತ್ತ ನೆರೆಯುತ್ತಿದ್ದರು.

ಭಾಯಿಯ ಕಷ್ಟ ಇದಕ್ಕಿಂತ ದೊಡ್ಡದು. ಶುಕ್ರವಾರ ಬರುತ್ತಿತ್ತು, ಯಾರ ಹೆಸರು ಹೇಳಬೇಕು? ಮಸೀದಿಯ ಹಿರಿಯರು ಕೈಕಾಲು ತೊಳೆಯುವ ಹೌಜಿನ ದಂಡೆಗೆ ಕೂತು ವಾದ ಮಾಡಿದರು. ಅತ್ತರು ಮಾರುವ ಖಾಸೀಮ್ ಚಾಚಾ ಅವರಲ್ಲಿ ದೊಡ್ಡ ಬಾಯಿಯವರು.

"ಖತೀಬ ಸಾಬ್, ಹಳೇ ಹೆಸರು ತಗೊಂಡ್ರ ಫೌಜಿನವರು ಹಿಡೀತಾರ. ಬಿಟ್ರ, ನಾಳೆ ನಿಜಾಮ ಹುಜೂರು ಹೊಳ್ಳಿ ಕುರ್ಚಿಗೆ ಬಂದು ಹಿಡೀತಾರ. ಅದಕ್ಕ ಆ ಜಾಗಾ ಬಂದಾಗ ನೀವು ಜೋರಾಗಿ ಕೆಮ್ಮಿಬಿಡ್ರಿ. ಯಾರ ಹೆಸರು ಬೇಕೋ ಅವರು ಕೇಳಿಸ್ಕೋತಾರ."

ಎರಡು ಶುಕ್ರವಾರ ಭಾಯಿ ಕೆಮ್ಮಿದ. ಮೂರನೆಯದಕ್ಕೆ ಅವನ ಹೆಂಡತಿ, ನನ್ನ ಭಾಬಿ, ಹಿಪ್ಪಲಿ ಕಷಾಯ ಮಾಡಿಕೊಟ್ಟಳು. ಭಾಯಿಗೆ ನಾಚಿಕೆಯಾಯಿತು.

"ಇದು ಅಂಜಿಕಿ ಮಾತಲ್ಲೋ ಚಾಂದ್ಯಾ" ಎಂದ ನನಗೆ. ಸುತ್ತ ಕಿತಾಬುಗಳನ್ನು ಹರಡಿಕೊಂಡು ಕೂತಿದ್ದ. "ರಾಜಾ ನಮ್ಮ ಧರ್ಮದಾಂವ ಇದ್ರ ಹಿಂಗ ಮಾಡ್ರಿ ಅಂತ ಅದ. ಬ್ಯಾರೆ ಧರ್ಮದಾಂವ ಇದ್ರ ಹಿಂಗ ಅಂತ ಅದ. ಯಾವ ಧರ್ಮದ್ದೂ ಅಲ್ಲ ಅನ್ನೋ ಸರಕಾರ ಬಂದ್ರ ಏನು ಮಾಡಬೇಕಂತ ಒಂದು ಹಾಳ್ಯಾಗೂ ಇಲ್ಲ. ಬರದಾವರು ಇಂಥಾದ್ದು ಬರ್ತದಂತ ಕನಸು ಕಂಡಿರಲಿಲ್ಲೇನೋ."

"ಹಂಗಾರ ಕೆಮ್ಮೂದs ಚಲೋ ಬಿಡು" ಎಂದೆ.

"ಸುಮ್ನಿರೋ. ನೀ ಕಚೇರ್ಯಾಗ ಇರಾಂವ. ಹೊಸಾ ಸಾಹೇಬರು ಬಂದಾರಲ್ಲ, ಅದಬಿನಿಂದ, ಮರ್ಯಾದಿಲೆ ಕೇಳಿ ಬಾ. ಯಾರ ಹೆಸರು ತಗೋಬೇಕ್ರಿ ಅಂತ. ಅವರು ಹೇಳಿದ್ದನ್ನ ನಾ ಒಪ್ತೀನಿ."

ಹೊಸ ಸಾಹೇಬರು ಮದ್ರಾಸಿನ ಕಡೆಯವರು. ಉರ್ದು ಓದಲು ಬಾರದು, ಹಿಂದೂಸ್ತಾನಿ ಮುರುಕು. ಮೇಜಿನ ಮೇಲೆ ಉರ್ದುವಿನ ಕಾಗದದ ರಾಶಿ. ಅದನ್ನು ಎಡಗಡೆಯಿಂದ ಓದಬೇಕೋ ಬಲಗಡೆಯಿಂದಲೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ಮುಖ ಕೆಂಡ. ನಾನು ಧೈರ್ಯ ಮಾಡಿ ಪರದೆ ಸರಿಸಿದೆ.

"ಏನು?"

"ಚಹಾ ತರ್ಲೇನ್ರಿ?"

ತಂದುಕೊಟ್ಟೆ. ಮತ್ತೆ ಧೈರ್ಯ ಕೂಡಿಸಿ ಒಳಗೆ ಹೋದೆ. "ಏನು?" "ಚಹಾದಾಗ ಸಕ್ಕರಿ ಬರೋಬ್ಬರಿ ಆಯ್ತೇನ್ರಿ?" ಮೂರನೆಯ ಸಲ ಅವರು ಏನು ಎನ್ನುವ ಮೊದಲೇ ನನ್ನ ಬಾಯಿಂದ ಮತ್ತೆ ಚಹಾ ಬಂತು. ಅವರೂ ಪಾಪ, ಈ ಊರಿನ ಪದ್ಧತಿಯೇ ಹೀಗೆ ಎಂದು ತಿಳಿದು ಕುಡಿದರು. ಸಂಜೆಗೆ ಅವರು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋದರು. ನನ್ನ ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು.

ಮರುದಿನ ಮಿಲಿಟರಿ ಜೀಪಿನಲ್ಲಿ ಒಬ್ಬರು ಬಂದಿಳಿದರು. ತಲೆಯ ಮೇಲೆ ದೊಡ್ಡ ಬೆಂಡಿನ ಟೊಪ್ಪಿಗೆ, ಹಿಂದೆ ಪೆಟ್ಟಿಗೆ ಹೊತ್ತ ಆಳು. ಕೇಳದೆ ಕೊಳ್ಳದೆ ಸಾಹೇಬರ ಕೋಣೆಗೆ ನುಗ್ಗಿದರು. ನಾನು ಪರದೆಯ ಸಂದಿಯಿಂದ ನೋಡಿದೆ. ನಮ್ಮ ತಹಶೀಲ್ದಾರರು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ತಲೆ ತಗ್ಗಿಸಿದ್ದರು. ಕಣ್ಣು ಕೂಡ ಮುಚ್ಚಿದ್ದರು. ಅಬ್ಬಾ ಎಂದುಕೊಂಡೆ. ತಹಶೀಲ್ದಾರರು ಕಣ್ಣು ಮುಚ್ಚಿ ನಿಲ್ಲಬೇಕಾದರೆ, ರಾಜ್ಯ ಆಳುವವರು ಇವರೇ ಇರಬೇಕು.

ಗುಮಾಸ್ತ ಗುಂಡೇರಾಯರನ್ನು, "ಟೊಪ್ಪಿಗಿ ಸಾಹೇಬ್ರ ಹೆಸರೇನ್ರಿ?" ಎಂದೆ.

"ವೆಂಕಟಾಚಲಂ" ಎಂದರು, ತಲೆ ಎತ್ತದೆ.

ಆ ಸಂಜೆ ಭಾಯಿ ಕೇಳಿದ. "ಸಾಹೇಬರಿಗೆ ಕೇಳಿದ್ಯಾ?"

"ಕೇಳ್ದೆ. ವೆಂಕಟಾಚಲಂ ಸಾಹೇಬ್ರ ಹೆಸರು ತಗೊಳ್ರಿ ಅಂದ್ರು."

ಭಾಯಿ ಆ ಹೆಸರನ್ನು ನಾಲ್ಕಾರು ಸಲ ಬಾಯಲ್ಲಿ ತಿರುವಿದ. ಅರಬ್ಬಿಯಲ್ಲಿ 'ಚ' ಇಲ್ಲ, ಕೊನೆಯ 'ಳ'ಕಾರವೋ 'ಲ'ಕಾರವೋ ಎಂದು ಯೋಚಿಸಿದ. ಆದರೆ ಮುಖ ಹಗುರವಾಯಿತು. "ಕೇಳಿದ್ದು ಚಲೋ ಆತು ನೋಡು. ತಿಳೀದಿದ್ರ ಕೇಳಬೇಕು" ಎಂದ. ಆ ರಾತ್ರಿ ಅವನು ಚೆನ್ನಾಗಿ ನಿದ್ದೆ ಮಾಡಿದ ಎಂದು ಭಾಬಿ ಹೇಳಿದಳು.

ಮರುದಿನ ಸಾಹೇಬರ ಸಾಮಾನು ತರಲು ನನ್ನನ್ನು ಯಾದಗಿರಿ ಸ್ಟೇಷನ್ನಿಗೆ ಕಳಿಸಿದರು. ನಾನು ಹೊಳೆ ದಾಟಿ ಬಂಡಿಯಲ್ಲಿ ತಿರುಗಿ ಬಂದಾಗ ಶುಕ್ರವಾರದ ಅಜಾನ್ ಆಗಿತ್ತು. ಹಾಗಾಗಿ ನಾನಿಲ್ಲದಾಗ ಊರಲ್ಲಿ ಏನಾಯಿತು ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ತಿಳಿಯಿತು, ಟೊಪ್ಪಿಗೆಯವರು ಸಿಡುಬಿನ ಟೀಕಾ, ಅಂದರೆ ಲಸಿಕೆ, ಹಾಕುವವರು. ಮೊದಲ ಸೂಜಿ ತಹಶೀಲ್ದಾರರಿಗೇ ಚುಚ್ಚಿದ್ದರು. ಅದಕ್ಕೇ ಅವರು ಕಣ್ಣು ಮುಚ್ಚಿ ನಿಂತದ್ದು. ಗುರುವಾರ ಇಡೀ ದಿನ ಅವರ ಆಳು ಮಸೀದಿಯ ಓಣಿಯಲ್ಲಿ, "ವೆಂಕಟಾಚಲಂ ಸಾಹೇಬ್ರು ಬಂದಾರ, ತೋಳು ಏರಸ್ರಿ!" ಎಂದು ಕೂಗುತ್ತ ಓಡಾಡಿದ್ದ. ಓಡುವವರನ್ನು ಹಿಡಿಹಿಡಿದು ಚುಚ್ಚಿದ್ದರು. ಖಾಸೀಮ್ ಚಾಚಾ ನೆಲದೊಳಗಿನ ಜೋಳದ ಹಗೇವಿನಲ್ಲಿ ಅಡಗಿದ್ದರೂ ಅತ್ತರಿನ ವಾಸನೆಯಿಂದ ಸಿಕ್ಕಿಬಿದ್ದಿದ್ದರು. ಭಾಯಿ ಒಬ್ಬ ಮಾತ್ರ ಮಸೀದಿಯ ಒಳಗೋಣೆಯಲ್ಲಿ ಕದ ಹಾಕಿಕೊಂಡು ಖುತ್ಬಾ ಬರೆಯುತ್ತ ಕೂತಿದ್ದ. ಅವನಿಗೆ ಯಾವ ಕೂಗೂ ಕೇಳಿರಲಿಲ್ಲ.

ನಾನು ಕೊನೆಯ ಸಾಲಿನಲ್ಲಿ ಕೂತೆ. ಎಲ್ಲರೂ ಎಡಗೈಯನ್ನು ಹಸುಗೂಸಿನಂತೆ ಮಡಿಲಲ್ಲಿ ಇಟ್ಟುಕೊಂಡು ಕೂತದ್ದು ಕಂಡು ಆಶ್ಚರ್ಯವಾಯಿತು. ಭಾಯಿ ಮಿಂಬರ್ ಹತ್ತಿದ. ಆ ಜಾಗ ಬಂತು. ಈ ಸಲ ಕೆಮ್ಮಲಿಲ್ಲ. ದನಿ ಹಳೆಯ ಹಾಗೆ ಒಂದು ಮೆಟ್ಟಿಲು ಏರಿತು. ತುಂಬು ಅರಬ್ಬಿಯ ನಡುವೆ, ಗೌರವದ ಎಲ್ಲ ಬಿರುದುಗಳ ಜೊತೆ, "ವೆಂಕಟಾಚಲಂ" ಎಂದು ಮೊಳಗಿತು.

ಸಾಲುಸಾಲಾಗಿ ಎಲ್ಲರ ಬಲಗೈ ತಾನಾಗಿ ಎಡತೋಳಿಗೆ ಹೋಯಿತು.

ನಮಾಜು ಮುಗಿದ ಮೇಲೆ ಭಾಯಿ ಎಲ್ಲರಿಗೂ ತಿಳಿಯಲಿ ಎಂದು ಉರ್ದುವಿನಲ್ಲಿ ದುವಾ ಬೇಡಿದ. "ಯಾ ಅಲ್ಲಾಹ್, ನಮ್ಮ ಮ್ಯಾಲೆ ಅಧಿಕಾರ ನಡಸೋ ವೆಂಕಟಾಚಲಂ ಸಾಹೇಬರ ಕೈಗೆ ಇನ್ನೂ ಬಲ ಕೊಡು. ಅವರು ಒಂದು ಮನೀನೂ ಬಿಡಲಾರದಂಗ ಎಲ್ಲಾರನ್ನೂ ಮುಟ್ಟಲಿ."

ಆಮೀನ್ ಎನ್ನಲು ಒಬ್ಬರ ಬಾಯೂ ಏಳಲಿಲ್ಲ. ಕೊನೆಗೆ ಖಾಸೀಮ್ ಚಾಚಾ ತೋಳು ಹಿಡಿದುಕೊಂಡು, "ಖತೀಬ ಸಾಬ್, ಇನ್ನೂ ಬಲಾ? ಈಗ ಹಾಕಿದ್ದs ಕೈ ಎತ್ತಾಕ ಬರವಲ್ದು!" ಎಂದು ಅತ್ತಂತೆ ಹೇಳಿದರು. ಮಸೀದಿಯಲ್ಲಿ ನಗಬಾರದು. ಆದರೂ ಅಂದು ನಕ್ಕರು. ಸಂಜೆಯ ಹೊತ್ತಿಗೆ ಭಾಯಿಗೆ 'ಟೀಕಾ ಖತೀಬ' ಎಂದು ಹೆಸರು ಬಿತ್ತು. ವಾರದೊಳಗೆ ಅದು ಸುರಪುರಕ್ಕೂ ಹೋಯಿತು.

ಭಾಯಿಗೆ ನನ್ನ ಮೇಲೆ ಅನುಮಾನ ಬರಲಿಲ್ಲ. ಹೊಸ ಸಾಹೇಬರು ಬೇಕೆಂದೇ ತನ್ನನ್ನು ನಗೆಪಾಟಲು ಮಾಡಿದರು ಎಂದುಕೊಂಡ. ಶನಿವಾರ ಸಾಹೇಬರು ನನ್ನನ್ನು ಕರೆದು, ಖತೀಬರನ್ನು ಬರಹೇಳು, ಮಸೀದಿಯ ಕೆಲಸ ಮುಂದೆ ಹೇಗೆ ನಡೆಯಬೇಕು ಎಂದು ಮಾತಾಡಬೇಕು ಎಂದರು. ಖತೀಬನನ್ನು ನೇಮಿಸುತ್ತಿದ್ದದ್ದು ಕಚೇರಿಯೇ, ಹಾಗಾಗಿ ಭಾಯಿಯ ಮಿಂಬರ್ ಉಳಿಯುವುದೂ ಹೋಗುವುದೂ ಆ ಮಾತಿನಲ್ಲಿತ್ತು.

"ನಕ್ಕು ಕಳಸಿದ ಮನಶ್ಯಾನ ಮುಂದ ನಾ ನಿಂದ್ರಂಗಿಲ್ಲ" ಎಂದ ಭಾಯಿ. "ಹಂಗs ಹೋಗಿ ಹೇಳು."

ನಾನು ಹಾಗೆ ಹೇಳಲಿಲ್ಲ. "ಅವರಿಗೆ ಜ್ವರ ಬಂದಾವ್ರಿ" ಎಂದೆ.

ಭಾನುವಾರ ಟೊಪ್ಪಿಗೆಯ ವೆಂಕಟಾಚಲಂ ಅವರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಬಾಳೆಹಣ್ಣಿನ ಗೊನೆ, ಕಣ್ಣಲ್ಲಿ ನೀರು. ಇಷ್ಟು ವರ್ಷದ ನೌಕರಿಯಲ್ಲಿ ಜನ ತಮ್ಮನ್ನು ಕಂಡು ಓಡಿದ್ದಾರೆ, ಕಲ್ಲು ಎಸೆದಿದ್ದಾರೆ, ನಾಯಿ ಬಿಟ್ಟಿದ್ದಾರೆ. ತಮಗಾಗಿ ದೇವರಲ್ಲಿ ಬೇಡಿಕೊಂಡವರು ಖತೀಬರು ಒಬ್ಬರೇ ಎಂದರು. ಇದು ಎರಡನೆಯ ಸಲದ ಅಣಕ ಎಂದು ಭಾಯಿ ತುಟಿ ಬಿಗಿದು ಕೂತಿದ್ದ. ಬಂದವರು ಅದನ್ನು ವಿನಯ ಎಂದು ತಿಳಿದರು. ಭಾಯಿಯ ಹೆಸರು ಟೀಕಾ ಹಾಕಿಸಿಕೊಂಡವರಲ್ಲಿ ಇಲ್ಲ ಎಂದು ನೆನಪಾಗಿ, ಪ್ರೀತಿಯಿಂದ ಅಲ್ಲೇ ತೋಳು ಏರಿಸಿ ಚುಚ್ಚಿದರು. ಮನೆಗೆ ಬಂದ ಅತಿಥಿಯ ಕೈ ತಳ್ಳುವ ಮನುಷ್ಯನಲ್ಲ ಭಾಯಿ.

ರಾತ್ರಿಯೊಳಗೆ ಅವನಿಗೆ ಮೈ ಕಾದು ಕೆಂಡವಾಯಿತು. ನಾನು ಹೇಳಿದ ಸುಳ್ಳಿಗೆ ಅಲ್ಲಾಹ್ ಮುದ್ರೆ ಒತ್ತಿದ ಹಾಗಾಯಿತು. ಸೋಮವಾರ ತಹಶೀಲ್ದಾರರು ಜ್ವರ ವಿಚಾರಿಸಲು ತಾವೇ ಮನೆಗೆ ಬಂದರು. ಮಂಚದ ಪಕ್ಕ ಕೂತರು. ನಾನು ಬಾಗಿಲಲ್ಲಿ ನಿಂತೆ.

ಭಾಯಿ ಕಂಬಳಿಯೊಳಗಿಂದಲೇ, "ಬಡವರನ್ನ ಹಿಂಗ ನಗಸಬಾರದಿತ್ರಿ. ಹೆಸರು ಕೇಳಿ ಕಳಿಸಿದ್ದೆ, ನೀವು ಟೀಕಾ ಹಾಕೋರ ಹೆಸರು ಕೊಟ್ರಿ" ಎಂದ.

"ಯಾವ ಹೆಸರು?" ಎಂದರು ಸಾಹೇಬರು. "ನನ್ನ ಯಾರೂ ಏನೂ ಕೇಳಿಲ್ಲ. ಈ ಮನುಷ್ಯ ಬರ್ತಾನೆ, ಚಹಾ ಕೊಡ್ತಾನೆ. ಮತ್ತೆ ಬರ್ತಾನೆ, ಮತ್ತೆ ಚಹಾ ಕೊಡ್ತಾನೆ."

ಭಾಯಿ ನನ್ನ ಕಡೆ ನೋಡಿದ. ನಾನು ಬಾಗಿಲಿನ ಚಿಲಕ ನೋಡಿದೆ. ಒಂದು ಮಾತು ಹೇಳಿದ್ದರೆ ನನ್ನ ನೌಕರಿ ಅಲ್ಲೇ ಹೋಗುತ್ತಿತ್ತು.

"ಇಲ್ರಿ" ಎಂದ ಭಾಯಿ. "ಜ್ವರದಾಗ ಮಾತಾಡಿದೆ. ಕೇಳಬೇಕಂತ ಮಾಡಿದ್ದೆ, ಕೇಳಿಸಲಿಲ್ಲ. ತಪ್ಪು ನಂದs. ಈಗರೆ ಹೇಳ್ರಿ, ಯಾರ ಹೆಸರು ತಗೋಬೇಕು?"

ಸಾಹೇಬರು ಕಿವಿ ತುರಿಸಿಕೊಂಡು ಯೋಚಿಸಿದರು. "ಯಾರದೂ ಬೇಡ. ಈ ಸರಕಾರಕ್ಕೆ ಮಸೀದಿಯಲ್ಲೂ ಹೆಸರು ಬೇಕಿಲ್ಲ, ಗುಡಿಯಲ್ಲೂ ಬೇಕಿಲ್ಲ."

"ಹೆಸರು ಬ್ಯಾಡ ಅನ್ನೋ ರಾಜ್ಯಾನ ನಾ ಯಾವ ಕಿತಾಬಿನಾಗೂ ಕಂಡಿಲ್ರಿ" ಎಂದ ಭಾಯಿ ನಿಧಾನವಾಗಿ. "ಆಳೋರು ಯಾರs ಇರಲಿ, ನ್ಯಾಯದಿಂದ ನಡೀಲಿ ಅಂತ ಬೇಡ್ಕೋಬಹುದೇನ್ರಿ?"

"ಅದು ಬೇಡ್ಕೊಳ್ಳಿ" ಎಂದರು ಸಾಹೇಬರು. "ಅದು ನಮಗೆ ಬಹಳ ಬೇಕಾಗ್ತದೆ." ಏಳುವಾಗ ಇನ್ನೊಂದು ಮಾತು ಹೇಳಿದರು. ಖತೀಬ ಯಾರು ಇರಬೇಕು ಎಂದು ಇನ್ನು ಮುಂದೆ ಕಚೇರಿ ಹೇಳುವುದಿಲ್ಲ. ನಿಮ್ಮ ಮಸೀದಿ, ನಿಮ್ಮ ಜನ, ನೀವೇ ಆರಿಸಿಕೊಳ್ಳಿ.

ಅವರು ಹೋದ ಮೇಲೆ ಭಾಯಿ ನನ್ನನ್ನು ಹತ್ತಿರ ಕರೆದ. "ಚಾಂದ್ಯಾ, ಆವತ್ತು ಕೇಳಿದ್ಯೋ ಇಲ್ಲೋ?"

ಎಲ್ಲ ಬಯಲಾದ ಮೇಲೂ ನನ್ನ ಬಾಯಿ, "ಕೇಳ್ದೆ. ಅವರಿಗೆ ನೆನಪಿಲ್ಲ" ಎಂದಿತು.

"ಆತು" ಎಂದ ಭಾಯಿ. "ಬಾಳೆಹಣ್ಣು ಭಾಳ ಅದಾವ. ನಿನ್ನ ಮನೀಗೆ ಒಂದಿಷ್ಟು ಒಯ್ಯಿ."

ಅವನು ಬೈದಿದ್ದರೆ ಇಷ್ಟು ವರ್ಷ ಅದು ನನ್ನನ್ನು ಕೊರೆಯುತ್ತಿರಲಿಲ್ಲ.

ಆ ವಾರ ಹಿರಿಯರು ಹೌಜಿನ ದಂಡೆಗೆ ಕೂತರು. ಸರಕಾರ ಆರಿಸಿ ಕೊಟ್ಟದ್ದನ್ನು ಒಪ್ಪಿ ಬೈಯುವುದು ಅವರಿಗೆ ರೂಢಿ, ತಾವೇ ಆರಿಸುವುದು ಹೊಸದು. ಹಾಗಾಗಿ ಬಹಳ ಜೋರಾಗಿ ಆರಿಸಿದರು. ಭಾಯಿ ಬೇಕೆನ್ನುವವರೂ ಇದ್ದರು. ಖಾಸೀಮ್ ಚಾಚಾ ಕೂಡ ಅರ್ಧ ಮನಸ್ಸಿನಲ್ಲಿದ್ದರು. "ಹುಚ್ಚನಲ್ಲ ಖತೀಬ ಸಾಬ್. ಇಷ್ಟು ಓದಿದಾವರು ಆ ಹೆಸರು ತಾವಾಗೇ ತಗೊಂಡಿರಂಗಿಲ್ಲ. ಯಾರೋ ಕೊಟ್ಟಾರ. ಯಾರು ಕೊಟ್ರು ಹೇಳ್ರಿ, ಮಾತು ಇಲ್ಲಿಗೇ ಮುಗೀತದ" ಎಂದರು.

ಭಾಯಿ ಬಾಯಿ ಬಿಡಲಿಲ್ಲ. ಹೌಜಿನಲ್ಲಿ ನೀರು ಕಡಿಮೆಯಾಗಿದೆ ಎಂದು ಹೇಳಿ ನಾನು ಕೊಡ ಎತ್ತಿಕೊಂಡು ಬಾವಿಗೆ ಹೋದೆ. ತಿರುಗಿ ಬಂದಾಗ ಸುರಪುರದ ಒಬ್ಬ ಎಳೆಯ ಮೌಲ್ವಿಯನ್ನು ಕರೆಸುವುದು ಎಂದು ಆಗಿಹೋಗಿತ್ತು. ಹೌಜು ತುಂಬಿ ತುಳುಕುತ್ತಿತ್ತು. ನನ್ನ ಕೊಡದ ನೀರು ಅದರಲ್ಲಿ ಹಿಡಿಸಲಿಲ್ಲ.

ಮೊದಲ ಶುಕ್ರವಾರ ಆ ಎಳೆಯ ಮೌಲ್ವಿ ನನ್ನ ಹತ್ತಿರವೇ ಬಂದರು. "ನೀವು ಕಚೇರಿಯವರಲ್ರಿ? ಆ ಜಾಗದಾಗ ಏನು ಹೇಳ್ಲಿ?" ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಭಾಯಿ ಕೂತಿದ್ದ. ನನಗೆ ಆ ಜವಾಬು ಪೂರ್ತಿ ಗೊತ್ತಿತ್ತು, ಸಾಹೇಬರ ಬಾಯಿಂದಲೇ ಕೇಳಿದ್ದೆ. ಹೇಳಲಿಲ್ಲ. "ನನಗೇನು ಕೇಳ್ತೀರಿ, ಸಾಹೇಬರು ಭಾಯಿಗೆ ಹೇಳ್ಯಾರ, ಅವರಿಗೆ ಕೇಳ್ರಿ" ಎಂದೆ. ಮೌಲ್ವಿ ಮಂಡಿಯೂರಿ ಭಾಯಿಯ ಮುಂದೆ ಕೂತರು. ಭಾಯಿ ಅವರ ಕಿವಿಯಲ್ಲಿ ಹೇಳಿಕೊಟ್ಟ. ಆಳುವವರು ಯಾರೇ ಇರಲಿ, ನ್ಯಾಯದಿಂದ ನಡೆಯಲಿ ಎಂದು ಮಿಂಬರಿನಿಂದ ಬಂದಾಗ ಎಲ್ಲರೂ ಆಮೀನ್ ಎಂದರು. ಖಾಸೀಮ್ ಚಾಚಾ, "ಮಾತು ಅಂದ್ರ ಇದು! ಓದಿದ ಹುಡುಗ ನೋಡ್ರಿ" ಎಂದು ಹೊಗಳಿದರು.

ಭಾಯಿ ಆಮೇಲೆ ಮನೆಯ ಪಡಸಾಲೆಯಲ್ಲಿ ಹುಡುಗರಿಗೆ ಓದಿಸಿ, ಹರಿದ ಕಿತಾಬುಗಳಿಗೆ ರಟ್ಟು ಕಟ್ಟಿ ದಿನ ಕಳೆದ. ನಾನು ಪೂರ್ತಿ ನೌಕರಿ ಮುಗಿಸಿ, ಹಾರ ಹಾಕಿಸಿಕೊಂಡು ಬಂದೆ. ಅವನು ತೀರಿಕೊಂಡ ದಿನವೂ ಜನಾಜಾದ ಹಿಂದೆ ನಡೆಯುವವರು ಒಬ್ಬರಿಗೊಬ್ಬರು, "ಯಾರು ಹೋದ್ರು?" "ಟೀಕಾ ಖತೀಬರು" ಎಂದೇ ಹೇಳುತ್ತಿದ್ದರು. ಹೆಗಲು ಕೊಟ್ಟಿದ್ದ ನಾನು ಕೇಳಿಸಿಕೊಂಡು ಮುಂದೆ ನಡೆದೆ.

ಶಹಾಪುರದಲ್ಲಿ ಆ ಅಡ್ಡಹೆಸರು ನೆನಪಿರುವವರು ಇನ್ನೂ ಇದ್ದಾರೆ. ಅವರಲ್ಲಿ ಒಂದು ಬೇಡಿಕೆ. ಅದನ್ನು ಮರೆಯಬೇಡಿ, ಆದರೆ ಅದು ಭಾಯಿಯದಲ್ಲ. ನಾನು ಇನ್ನೂ ಬದುಕಿದ್ದೇನೆ, ಮಸೀದಿಯ ಓಣಿಯಲ್ಲೇ ಇದ್ದೇನೆ. ನಾನು ಹಾಲು ತರಲು ಹೊರಟಾಗ 'ಟೀಕಾ ಚಾಂದ್ಯಾ' ಎಂದು ಕೂಗಿರಿ. ತಿರುಗಿ ನೋಡುತ್ತೇನೆ.